ರಕ್ತ ತೆಗೆಯುವ ವಿದ್ಯೆ

ರೋಗಿಯ ರಕ್ತವನ್ನು ಪರೀಕ್ಷಿಸಬೇಕೆಂದು ವೈದ್ಯರು ಬರೆದುಕೊಟ್ಟ ಕೂಡಲೆ ನಮ್ಮ ಯೋಚನೆಯೆಲ್ಲವೂ ಪ್ರಯೋಗಾಲಯದ ಕಡೆಗೆ ಹರಿಯುತ್ತದೆ. ಅಲ್ಲಿನ ಸೂಕ್ಷ್ಮದರ್ಶಕ, ರಾಸಾಯನಿಕಗಳು, ಕ್ಷಣಾರ್ಧದಲ್ಲಿ ಅಂಕಿಗಳನ್ನು ಮುದ್ರಿಸಿ ಕೊಡುವ ಯಂತ್ರಗಳು, ಇವೇ ರೋಗದ ಗುಟ್ಟನ್ನು ಬಯಲಿಗೆಳೆಯುತ್ತವೆ ಎಂಬುದು ನಮ್ಮ ನಂಬಿಕೆ. ರಕ್ತವು ರೋಗಿಯ ತೋಳಿನಿಂದ ಆ ಯಂತ್ರದವರೆಗೆ ಹೇಗೆ ಬಂದಿತು ಎಂದು ಕೇಳುವವರು ವಿರಳ. ತೋಳಿಗೆ ಪಟ್ಟಿ ಕಟ್ಟಿ, ಸೂಜಿ ಚುಚ್ಚಿ, ನಳಿಗೆಯಲ್ಲಿ ರಕ್ತ ತುಂಬಿಕೊಳ್ಳುವುದು ಎರಡು ಮೂರು ನಿಮಿಷಗಳ ಕೆಲಸ. ಅದರಲ್ಲಿ ಕಲಿಯತಕ್ಕದ್ದು ಏನಿದೆ ಎಂದು ಯಾರಿಗಾದರೂ ತೋರಬಹುದು.

ಆದರೆ ಯಂತ್ರವು ಅಳೆಯುವುದು ರೋಗಿಯ ದೇಹದಲ್ಲಿರುವ ರಕ್ತವನ್ನಲ್ಲ, ನಳಿಗೆಯಲ್ಲಿರುವ ರಕ್ತವನ್ನು. ಈ ಎರಡೂ ಒಂದೇ ಆಗಿದ್ದರೆ ಮಾತ್ರ ಪರೀಕ್ಷೆಯ ಫಲಿತಾಂಶಕ್ಕೆ ಬೆಲೆ. ರಕ್ತ ತೆಗೆಯುವಾಗಲೇ ಅದು ಕೆಟ್ಟಿದ್ದರೆ, ಅಥವಾ ಒಬ್ಬರ ರಕ್ತದ ಮೇಲೆ ಇನ್ನೊಬ್ಬರ ಹೆಸರು ಅಂಟಿದ್ದರೆ, ಅತ್ಯಂತ ನಿಖರವಾದ ಯಂತ್ರವೂ ಅತ್ಯಂತ ನಿಖರವಾಗಿ ಸುಳ್ಳನ್ನೇ ಹೇಳುತ್ತದೆ. ಆದುದರಿಂದಲೇ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ರಕ್ತ ತೆಗೆಯುವುದು ಒಂದು ಪ್ರತ್ಯೇಕ ವೃತ್ತಿಯಾಗಿ ಬೆಳೆದಿದೆ. ಈ ವೃತ್ತಿಯವರನ್ನು ಅಲ್ಲಿ ‘ಫ್ಲೆಬಾಟಮಿಸ್ಟ್’ ಎನ್ನುತ್ತಾರೆ. ನಾವು ರಕ್ತಸಂಗ್ರಾಹಕರು ಎಂದು ಕರೆಯೋಣ. ಅವರನ್ನು ತಯಾರು ಮಾಡುವ ವೃತ್ತಿಶಿಕ್ಷಣ ಶಾಲೆಗಳಲ್ಲಿ ಏನನ್ನು ಕಲಿಸುತ್ತಾರೆ, ಅದನ್ನು ಏಕೆ ಕಲಿಸುತ್ತಾರೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಹಳೆಯ ಹೆಸರು, ಹೊಸ ಕೆಲಸ

ಗ್ರೀಕ್ ಭಾಷೆಯಲ್ಲಿ ‘ಫ್ಲೆಪ್ಸ್’ ಎಂದರೆ ರಕ್ತನಾಳ, ‘ಟೋಮೆ’ ಎಂದರೆ ಕೊಯ್ತ. ಈ ಎರಡರಿಂದ ಹುಟ್ಟಿದ ಹೆಸರು ಪುರಾತನವಾದದ್ದು. ಆದರೆ ಅಂದು ಅದು ಸೂಚಿಸುತ್ತಿದ್ದ ಕೆಲಸ ಬೇರೆ. ಕೆಟ್ಟ ರಕ್ತವನ್ನು ಹೊರಕ್ಕೆ ಹರಿಸಿದರೆ ರೋಗವೂ ಅದರೊಡನೆ ಹರಿದುಹೋಗುವುದೆಂದು ಯೂರೋಪಿನ ವೈದ್ಯರು ಶತಮಾನಗಳ ಕಾಲ ನಂಬಿದ್ದರು. ನಮ್ಮ ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿಯೂ ಸಿರಾವ್ಯಧಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಅಮೆರಿಕದ ಮೊದಲನೆಯ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನನು ೧೭೯೯ರ ಡಿಸೆಂಬರಿನಲ್ಲಿ ಗಂಟಲ ಬೇನೆಯಿಂದ ಮಲಗಿದಾಗ, ಒಂದೇ ದಿನದಲ್ಲಿ ಅವನ ದೇಹದಿಂದ ಎರಡು ಲೀಟರಿಗೂ ಹೆಚ್ಚು ರಕ್ತವನ್ನು ತೆಗೆದರು. ಅಂದಿನ ರಾತ್ರಿಯೇ ಅವನು ತೀರಿಕೊಂಡನು. ಫ್ರಾನ್ಸಿನ ಪಿಯರ್ ಲೂಯಿ ಎಂಬ ವೈದ್ಯನು ರೋಗಿಗಳನ್ನು ಎಣಿಸಿ, ಹೋಲಿಸಿ, ರಕ್ತ ಹರಿಸುವುದರಿಂದ ಶ್ವಾಸಕೋಶದ ಉರಿಯೂತದಲ್ಲಿ ಹೇಳಿಕೊಳ್ಳುವಂಥ ಲಾಭವಿಲ್ಲವೆಂದು ೧೮೩೫ರಲ್ಲಿ ಪ್ರಕಟಿಸಿದನು. ಆ ಚಿಕಿತ್ಸೆ ಮೆಲ್ಲಮೆಲ್ಲನೆ ಹಿಂದೆ ಸರಿಯಿತು. ಕೆಂಪು ರಕ್ತಕಣಗಳು ಅತಿಯಾಗಿ ಹೆಚ್ಚುವಂಥ, ದೇಹದಲ್ಲಿ ಕಬ್ಬಿಣ ಮಿತಿಮೀರಿ ಶೇಖರವಾಗುವಂಥ ಕೆಲವೇ ರೋಗಗಳಲ್ಲಿ ಅದು ಈಗಲೂ ಉಳಿದಿದೆ.

ಚಿಕಿತ್ಸೆ ಹೋದರೂ ಹೆಸರು ಉಳಿಯಿತು. ಇಂದಿನ ರಕ್ತಸಂಗ್ರಾಹಕರು ರಕ್ತ ತೆಗೆಯುವುದು ರೋಗವನ್ನು ಹೊರಹಾಕುವುದಕ್ಕಲ್ಲ, ರೋಗದ ಸುದ್ದಿಯನ್ನು ಹೊರತರುವುದಕ್ಕೆ.

ಪರವಾನಗಿ ಬಂದ ಬಗೆ

ಅಮೆರಿಕದ ಹೆಚ್ಚಿನ ಸಂಸ್ಥಾನಗಳಲ್ಲಿ ಈ ಕೆಲಸಕ್ಕೆ ಸರ್ಕಾರದ ಪರವಾನಗಿ ಬೇಕಿಲ್ಲ. ಆಸ್ಪತ್ರೆಗಳೇ ತರಬೇತಾದವರನ್ನು ಆರಿಸಿಕೊಳ್ಳುತ್ತವೆ. ಕ್ಯಾಲಿಫೋರ್ನಿಯ, ವಾಷಿಂಗ್ಟನ್, ನೆವಾಡ ಮತ್ತು ಲೂಯಿಸಿಯಾನ ಸಂಸ್ಥಾನಗಳು ಮಾತ್ರ ಕಾನೂನಿನ ಕಟ್ಟುಪಾಡನ್ನು ವಿಧಿಸಿವೆ. ಇವುಗಳಲ್ಲಿ ಕ್ಯಾಲಿಫೋರ್ನಿಯದ ಕಥೆ ತಿಳಿಯತಕ್ಕದ್ದು. ೧೯೯೯ರಲ್ಲಿ ಅಲ್ಲಿನ ಪಾಲೋ ಆಲ್ಟೋ ಪಟ್ಟಣದಲ್ಲಿ ರಕ್ತ ತೆಗೆಯುತ್ತಿದ್ದ ಒಬ್ಬ ಕೆಲಸಗಾರಳು ಒಮ್ಮೆ ಬಳಸಿ ಎಸೆಯಬೇಕಾದ ಸೂಜಿಗಳಲ್ಲಿ ಕೆಲವನ್ನು ತೊಳೆದು ಮತ್ತೆ ಬಳಸುತ್ತಿದ್ದಳೆಂಬುದು ಬಯಲಾಯಿತು. ಅವಳ ಕೈಯಿಂದ ರಕ್ತ ಕೊಟ್ಟಿದ್ದ ಸಾವಿರಾರು ಜನರಿಗೆ ಕಾಗದ ಬರೆದು, ಕಾಮಾಲೆ ಮತ್ತು ಏಡ್ಸ್ ರೋಗಗಳ ವೈರಸ್ಸುಗಳಿಗಾಗಿ ಪರೀಕ್ಷೆ ಮಾಡಿಸಿಕೊಳ್ಳಿರೆಂದು ತಿಳಿಸಬೇಕಾಯಿತು. ಕೆಲವು ನಿಮಿಷಗಳ ಕೆಲಸವೆಂದು ಯಾರೂ ಗಮನಿಸದಿದ್ದ ವೃತ್ತಿಯ ಕಡೆಗೆ ಆಗ ಜನರ ಕಣ್ಣು ತಿರುಗಿತು. ಅದೇ ವರ್ಷ ಶಾಸನಸಭೆ ಒಂದು ಕಾಯಿದೆಯನ್ನು ಮಾಡಿತು. ಅದರ ನಿಯಮಗಳು ೨೦೦೩ರಲ್ಲಿ ಜಾರಿಗೆ ಬಂದುವು.

ಆ ನಿಯಮಗಳಂತೆ ಹೈಸ್ಕೂಲು ಮುಗಿಸಿದ ವಿದ್ಯಾರ್ಥಿಯು ಮಾನ್ಯತೆ ಪಡೆದ ಶಾಲೆಯಲ್ಲಿ ೪೦ ಗಂಟೆಗಳ ಪಾಠವನ್ನು ಕೇಳಬೇಕು. ಇದರಲ್ಲಿ ಅರ್ಧ ಅಂಗರಚನೆ, ಸೋಂಕಿನ ತಡೆ ಮುಂತಾದ ಮೂಲಪಾಠ. ಉಳಿದರ್ಧ ಮುಂದಿನ ಪಾಠ. ಅನಂತರ ಆಸ್ಪತ್ರೆಯಲ್ಲೋ ಪ್ರಯೋಗಾಲಯದಲ್ಲೋ ೪೦ ಗಂಟೆ ನಿಜವಾದ ರೋಗಿಗಳ ನಡುವೆ ಕೆಲಸಮಾಡಿ, ಕನಿಷ್ಠ ೫೦ ಬಾರಿ ಅಭಿಧಮನಿಯಿಂದಲೂ ೧೦ ಬಾರಿ ಬೆರಳು ಅಥವಾ ಹಿಮ್ಮಡಿಯ ಚರ್ಮದಿಂದಲೂ ರಕ್ತ ತೆಗೆದಿರಬೇಕು. ಕಡೆಯಲ್ಲಿ ಪರೀಕ್ಷೆ. ಅದರಲ್ಲಿ ತೇರ್ಗಡೆಯಾದವರಿಗೆ ಸಂಸ್ಥಾನದ ಆರೋಗ್ಯ ಇಲಾಖೆ ಪರವಾನಗಿ ಕೊಡುತ್ತದೆ. ಅದನ್ನು ಎರಡು ವರ್ಷಗಳಿಗೊಮ್ಮೆ ನವೀಕರಿಸಿಕೊಳ್ಳಬೇಕು. ಪ್ರತಿ ಸಲವೂ ೬ ಗಂಟೆಗಳಷ್ಟು ಹೊಸ ಪಾಠ ಕೇಳಿರಬೇಕು.

ತೋಳಿನ ಪಾಠ

ಮೊದಲನೆಯ ಪಾಠ ರಕ್ತನಾಳಗಳದು. ಹೃದಯದಿಂದ ಹೊರಟ ರಕ್ತವನ್ನು ಒಯ್ಯುವ ಅಪಧಮನಿಗಳು ಆಳದಲ್ಲಿವೆ. ಅವುಗಳಲ್ಲಿ ಒತ್ತಡ ಹೆಚ್ಚು. ಹಿಂದಿರುಗುವ ರಕ್ತವನ್ನು ತರುವ ಅಭಿಧಮನಿಗಳಲ್ಲಿ ಅನೇಕವು ಚರ್ಮದ ಅಡಿಯಲ್ಲಿಯೇ ಇವೆ; ಗೋಡೆ ತೆಳು, ಒತ್ತಡ ಕಡಿಮೆ. ಆದುದರಿಂದ ಪರೀಕ್ಷೆಗೆ ಸಾಮಾನ್ಯವಾಗಿ ರಕ್ತ ತೆಗೆಯುವುದು ಅಭಿಧಮನಿಯಿಂದ. ಮೊಣಕೈಯ ಒಳಮಗ್ಗುಲಿನ ತಗ್ಗಿನಲ್ಲಿ ಮೂರು ಅಭಿಧಮನಿಗಳು ಸಿಕ್ಕುತ್ತವೆ. ನಡುವಿನದು ದಪ್ಪವಾಗಿ, ಅತ್ತಿತ್ತ ಜಾರದೆ ನಿಂತಿರುವುದರಿಂದ ಮೊದಲು ಹುಡುಕುವುದು ಅದನ್ನೇ. ಹೆಬ್ಬೆರಳಿನ ಕಡೆಯದು ಎರಡನೆಯ ಆಯ್ಕೆ. ಕಿರುಬೆರಳಿನ ಕಡೆಯದನ್ನು ಬೇರೆ ದಾರಿಯಿಲ್ಲದಾಗ ಮಾತ್ರ ಮುಟ್ಟಬೇಕು. ಏಕೆಂದರೆ ತೋಳಿನ ದೊಡ್ಡ ಅಪಧಮನಿಯೂ ಒಂದು ಮುಖ್ಯ ನರವೂ ಅದರ ಸಮೀಪದಲ್ಲಿಯೇ ಹಾಯುತ್ತವೆ. ಚುಚ್ಚಿದೊಡನೆ ರೋಗಿಯು ಮಿಂಚು ಹೊಡೆದಂತಾಯಿತು ಎಂದರೆ ಸೂಜಿ ನರವನ್ನು ಮುಟ್ಟಿರಬಹುದೆಂದು ತಿಳಿದು ಅದನ್ನು ತತ್‌ಕ್ಷಣ ಹೊರತೆಗೆಯಬೇಕು.

ತೋಳಿಗೆ ಕಟ್ಟುವ ಪಟ್ಟಿಯ ಹಿಂದೆ ಒಂದು ಪ್ರಸಿದ್ಧ ಪ್ರಯೋಗವಿದೆ. ಇಂಗ್ಲೆಂಡಿನ ವಿಲಿಯಂ ಹಾರ್ವೆ ರಕ್ತಪರಿಚಲನೆಯನ್ನು ಕುರಿತು ೧೬೨೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪಟ್ಟಿ ಕಟ್ಟಿದ ತೋಳಿನ ಚಿತ್ರಗಳಿವೆ. ಪಟ್ಟಿಯನ್ನು ಬಹಳ ಬಿಗಿದರೆ ಅಪಧಮನಿಯೂ ಮುಚ್ಚಿ ಕೈ ಬಿಳಿಚುತ್ತದೆ. ಸ್ವಲ್ಪ ಸಡಿಲಿಸಿದರೆ ಆಳದ ಅಪಧಮನಿಯಲ್ಲಿ ರಕ್ತ ಒಳಕ್ಕೆ ಬರುತ್ತದೆ, ಮೇಲಿನ ಅಭಿಧಮನಿಯಲ್ಲಿ ಹಿಂದಿರುಗಲಾರದು. ಪಟ್ಟಿಯ ಕೆಳಗೆ ಅಭಿಧಮನಿಗಳು ಉಬ್ಬಿ ನಿಲ್ಲುತ್ತವೆ. ರಕ್ತವು ಅಪಧಮನಿಯಿಂದ ಅಭಿಧಮನಿಗೆ ಸಾಗುತ್ತದೆಂಬುದಕ್ಕೆ ಹಾರ್ವೆ ಇದನ್ನು ಸಾಕ್ಷಿಯಾಗಿ ಕೊಟ್ಟನು. ವಾಚಕರು ಅವನ ಇನ್ನೊಂದು ಪ್ರಯೋಗವನ್ನು ತಮ್ಮ ಕೈಯ ಮೇಲೆಯೇ ಮಾಡಿ ನೋಡಬಹುದು. ಕೈಯನ್ನು ಸ್ವಲ್ಪ ಹೊತ್ತು ಜೋಲುಬಿಟ್ಟರೆ ಹಿಂಗೈಯ ಅಭಿಧಮನಿಗಳು ಎದ್ದು ಕಾಣುತ್ತವೆ. ಒಂದನ್ನು ಬೆರಳ ಕಡೆಯ ಕೊನೆಯಲ್ಲಿ ಅದುಮಿ ಹಿಡಿದು, ಇನ್ನೊಂದು ಬೆರಳಿನಿಂದ ಅದರ ರಕ್ತವನ್ನು ಮಣಿಕಟ್ಟಿನ ಕಡೆಗೆ ತೀಡಿಬಿಡಿ. ನಡುವೆ ಒಂದು ಕವಾಟವಿದ್ದರೆ, ಎರಡನೆಯ ಬೆರಳನ್ನು ತೆಗೆದರೂ ರಕ್ತ ಹಿಂದಕ್ಕೆ ಬರುವುದಿಲ್ಲ. ನಾಳ ಚಪ್ಪಟೆಯಾಗಿಯೇ ಇರುತ್ತದೆ. ಮೊದಲನೆಯ ಬೆರಳನ್ನು ತೆಗೆದೊಡನೆ ತುಂಬಿಬಿಡುತ್ತದೆ.

ರಕ್ತಸಂಗ್ರಾಹಕರು ಕಟ್ಟುವುದು ಹಾರ್ವೆಯ ಎರಡನೆಯ ಬಗೆಯ, ಎಂದರೆ ಸಡಿಲಾದ ಪಟ್ಟಿಯನ್ನು; ಚುಚ್ಚುವ ಸ್ಥಳಕ್ಕಿಂತ ೮ರಿಂದ ೧೦ ಸೆಂಟಿಮೀಟರು ಮೇಲೆ. ಅದನ್ನು ಒಂದು ನಿಮಿಷಕ್ಕಿಂತ ಹೆಚ್ಚು ಕಾಲ ಬಿಟ್ಟಿರಬಾರದು. ತಡೆದುನಿಂತ ರಕ್ತದಿಂದ ನೀರು ಸುತ್ತಣ ಊತಕಕ್ಕೆ ಒಸರುತ್ತದೆ. ಹೊರಹೋಗಲಾರದ ಪ್ರೋಟೀನುಗಳೂ ರಕ್ತಕಣಗಳೂ ಒಳಗೆ ದಟ್ಟೈಸುತ್ತವೆ. ಆಗ ತೆಗೆದ ರಕ್ತ ಆ ರೋಗಿಯ ಸಹಜ ರಕ್ತವಲ್ಲ. ಮುಷ್ಟಿಯನ್ನು ಬಾರಿ ಬಾರಿಗೂ ಬಿಗಿದು ಬಿಡಲು ಹೇಳುವುದೂ ತಪ್ಪು. ದುಡಿದ ಸ್ನಾಯುಗಳಿಂದ ಪೊಟಾಸಿಯಂ ಹೊರಬಂದು ರಕ್ತದಲ್ಲಿ ಬೆರೆಯುತ್ತದೆ.

ಸೂಜಿ, ನಳಿಗೆ, ಬಣ್ಣದ ಮುಚ್ಚಳ

ಸಾಮಾನ್ಯವಾಗಿ ಬಳಸುವ ೨೧ ಗೇಜಿನ ಸೂಜಿಯ ಹೊರವ್ಯಾಸ ಸುಮಾರು ೦.೮ ಮಿಲಿಮೀಟರು. ಗೇಜಿನ ಸಂಖ್ಯೆ ಹೆಚ್ಚಿದಂತೆ ಸೂಜಿ ಸಪೂರವಾಗುತ್ತದೆ. ತುದಿಯ ಓರೆಯಾದ ಬಾಯಿ ಮೇಲ್ಮುಖವಾಗಿರುವಂತೆ ಹಿಡಿದು, ಚರ್ಮಕ್ಕೆ ೩೦ ಡಿಗ್ರಿಗೆ ಮೀರದ ಕೋನದಲ್ಲಿ ಒಳಕ್ಕೆ ಸಾಗಿಸಬೇಕು. ಅದಕ್ಕೆ ಮುಂಚೆ ಚರ್ಮಕ್ಕೆ ಒರೆಸಿದ ಆಲ್ಕೊಹಾಲು ಪೂರ್ತಿ ಆರಿರಬೇಕು. ಹಸಿಯಾಗಿದ್ದರೆ ರೋಗಿಗೆ ಉರಿ. ಜೊತೆಗೆ ಅದು ರಕ್ತದಲ್ಲಿ ಸೇರಿ ಕೆಂಪುಕಣಗಳನ್ನು ಒಡೆಯಬಲ್ಲದು.

ಹಿಂದೆ ರಕ್ತವನ್ನು ಸಿರಿಂಜಿನಲ್ಲಿ ಎಳೆದು ನಳಿಗೆಗೆ ಸುರಿಯುತ್ತಿದ್ದರು. ಜೋಸೆಫ್ ಕ್ಲೈನರ್ ಎಂಬಾತನು ಗಾಳಿಯನ್ನು ಮೊದಲೇ ತೆಗೆದು ಮುಚ್ಚಿದ ನಳಿಗೆಗೆ ೧೯೪೯ರಲ್ಲಿ ಅಮೆರಿಕದ ಪೇಟೆಂಟನ್ನು ಪಡೆದನು. ಸೂಜಿಯ ಹಿಂದಿನ ತುದಿ ಇಂಥ ನಳಿಗೆಯ ರಬ್ಬರು ಮುಚ್ಚಳವನ್ನು ಹೊಕ್ಕೊಡನೆ ಒಳಗಿನ ನಿರ್ವಾತವು ರಕ್ತವನ್ನು ತಾನಾಗಿ ಸೆಳೆದುಕೊಳ್ಳುತ್ತದೆ. ಗೊತ್ತಾದ ಪ್ರಮಾಣ ತುಂಬಿದ ಮೇಲೆ ತಾನಾಗಿ ನಿಲ್ಲುತ್ತದೆ. ಒಂದೇ ಚುಚ್ಚಿನಿಂದ ಹಲವು ನಳಿಗೆಗಳನ್ನು ಒಂದಾದ ಮೇಲೊಂದರಂತೆ ತುಂಬಬಹುದು.

ಈ ನಳಿಗೆಗಳ ಮುಚ್ಚಳದ ಬಣ್ಣಗಳು ಅಂದಕ್ಕಾಗಿ ಬಳಿದವಲ್ಲ. ಒಳಗೆ ಯಾವ ರಾಸಾಯನಿಕವಿದೆ ಎಂಬುದರ ಗುರುತುಗಳು. ತಿಳಿನೀಲಿ ಮುಚ್ಚಳದ ನಳಿಗೆಯಲ್ಲಿ ಸೋಡಿಯಂ ಸಿಟ್ರೇಟಿನ ದ್ರಾವಣವಿದೆ. ಕೆಂಪು ಅಥವಾ ಹೊಂಬಣ್ಣದ ನಳಿಗೆಯಲ್ಲಿ ರಕ್ತ ಹೆಪ್ಪುಗಟ್ಟಿ ಮೇಲೆ ಸೀರಂ ನಿಲ್ಲುತ್ತದೆ. ಹಸಿರಿನಲ್ಲಿ ಹೆಪಾರಿನ್, ತಿಳಿನೇರಳೆಯಲ್ಲಿ ಪೊಟಾಸಿಯಂ ಸೇರಿದ ಈಡಿಟಿಎ, ಬೂದು ಬಣ್ಣದಲ್ಲಿ ಸೋಡಿಯಂ ಫ್ಲೋರೈಡು. ಜೀವಂತ ಕಣಗಳು ನಳಿಗೆಯಲ್ಲಿಯೂ ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಸಾಧಾರಣ ಉಷ್ಣತೆಯಲ್ಲಿ ಗಂಟೆಗೆ ನೂರಕ್ಕೆ ೫ರಿಂದ ೭ ಭಾಗ ಕಡಿಮೆಯಾಗುತ್ತದೆ. ಅದನ್ನು ತಡೆಯುವುದಕ್ಕೆ ಫ್ಲೋರೈಡು.

ಈ ನಳಿಗೆಗಳನ್ನು ತುಂಬುವ ಸರದಿಯನ್ನು ವಿದ್ಯಾರ್ಥಿಗಳು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ: ಮೊದಲು ಸೂಕ್ಷ್ಮಜೀವಿಗಳನ್ನು ಬೆಳೆಸಿ ನೋಡುವ ಸೀಸೆ, ಬಳಿಕ ತಿಳಿನೀಲಿ, ಕೆಂಪು, ಹಸಿರು, ತಿಳಿನೇರಳೆ, ಕಡೆಯಲ್ಲಿ ಬೂದು. ಸರದಿ ತಪ್ಪಿದರೇನಾಗುತ್ತದೆ? ತಿಳಿನೇರಳೆಯನ್ನು ಮುಟ್ಟಿದ ಸೂಜಿ ಅನಂತರ ಕೆಂಪನ್ನು ಹೊಕ್ಕಿತೆಂದುಕೊಳ್ಳಿ. ಅದರೊಡನೆ ಹೋದ ಈಡಿಟಿಎ ಕಣ್ಣಿಗೆ ಕಾಣದಷ್ಟು. ಆದರೆ ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ತನ್ನ ಪೊಟಾಸಿಯಂ ಅನ್ನು ರಕ್ತಕ್ಕೆ ಸೇರಿಸುತ್ತದೆ. ಸೀರಂನಲ್ಲಿ ಪೊಟಾಸಿಯಂನ ಸಹಜ ಪ್ರಮಾಣ ಲೀಟರಿಗೆ ೩.೫ರಿಂದ ೫ ಮಿಲಿಮೋಲು ಮಾತ್ರ. ಅದು ೭ಕ್ಕೆ ಏರಿತೆಂದರೆ ಹೃದಯದ ಬಡಿತವೇ ತಪ್ಪಬಹುದು. ವೈದ್ಯರು ಕೂಡಲೆ ಚಿಕಿತ್ಸೆಗೆ ತೊಡಗುತ್ತಾರೆ. ಏರಿದ್ದು ನಳಿಗೆಯಲ್ಲಿ ಮಾತ್ರವಾಗಿದ್ದರೆ, ಆರೋಗ್ಯವಾಗಿರುವ ಮನುಷ್ಯನ ಪೊಟಾಸಿಯಂ ಅನ್ನು ಅನ್ಯಾಯವಾಗಿ ಇಳಿಸಿದಂತಾಗುತ್ತದೆ. ಇದಕ್ಕಿಂತ ಕೆಟ್ಟದ್ದೂ ಉಂಟು: ಪೊಟಾಸಿಯಂ ನಿಜವಾಗಿಯೂ ತಗ್ಗಿದ್ದವನಲ್ಲಿ ಈ ತಪ್ಪಿನಿಂದ ಅದು ಸರಿಯಾಗಿರುವಂತೆ ಕಂಡರೆ, ರೋಗ ಮರೆಯಾಗಿಯೇ ಉಳಿಯುತ್ತದೆ.

ಕೆಂಪುಕಣಗಳ ಒಳಗೆ ಪೊಟಾಸಿಯಂ ಹೊರಗಿರುವುದರ ಇಪ್ಪತ್ತು ಪಟ್ಟಿಗೂ ಹೆಚ್ಚು. ಆದುದರಿಂದ ನಳಿಗೆಯನ್ನು ಕುಲುಕಿ ಕಣಗಳನ್ನು ಒಡೆದರೂ ಇದೇ ತಪ್ಪು ಸಂಭವಿಸುತ್ತದೆ. ನಳಿಗೆಯನ್ನು ಅಲ್ಲಾಡಿಸಬಾರದು, ಮೆಲ್ಲನೆ ತಲೆಕೆಳಗು ಮಾಡಿ ಎತ್ತಬೇಕು. ತಿಳಿನೀಲಿಗೆ ಮೂರು ನಾಲ್ಕು ಬಾರಿ, ತಿಳಿನೇರಳೆಗೆ ಎಂಟರಿಂದ ಹತ್ತು ಬಾರಿ.

ತಿಳಿನೀಲಿಯಲ್ಲಿ ಇನ್ನೊಂದು ಎಚ್ಚರ ಬೇಕು. ಅದರಲ್ಲಿ ರಕ್ತ ೯ ಭಾಗ, ಸಿಟ್ರೇಟು ೧ ಭಾಗ ಇರಬೇಕು. ಹೆಪ್ಪಾಗದಂತೆ ಔಷಧ ಸೇವಿಸುತ್ತಿರುವ ಹೃದ್ರೋಗಿಯೊಬ್ಬನ ರಕ್ತವನ್ನು ನಳಿಗೆ ತುಂಬುವವರೆಗೆ ಕಾಯದೆ ಅರ್ಧಕ್ಕೆ ನಿಲ್ಲಿಸಿದರೆ ಸಿಟ್ರೇಟು ಮಿಗುತ್ತದೆ. ಹೆಪ್ಪುಗಟ್ಟಲು ಹಿಡಿಯುವ ಕಾಲ ನಿಜಕ್ಕಿಂತ ದೀರ್ಘವಾಗಿ ಕಾಣುತ್ತದೆ. ಔಷಧ ಹೆಚ್ಚಾಯಿತೆಂದು ವೈದ್ಯರು ಅದನ್ನು ತಗ್ಗಿಸಿದರೆ, ತಡೆಯಬೇಕೆಂದಿದ್ದ ಹೆಪ್ಪು ಅವನ ರಕ್ತನಾಳದಲ್ಲಿಯೇ ಕಟ್ಟಿಕೊಳ್ಳಬಹುದು.

ಹೆಸರನ್ನು ಕೇಳುವ ಬಗೆ

ಇಷ್ಟೆಲ್ಲ ಸರಿಯಾಗಿದ್ದರೂ ಒಂದು ತಪ್ಪು ಎಲ್ಲವನ್ನೂ ವ್ಯರ್ಥಮಾಡಬಲ್ಲದು. ಅದು ಹೆಸರಿನ ತಪ್ಪು. ೧೯೦೧ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ವಿವರಿಸಿದ ಮೇಲೆ ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಡುವುದು ಕ್ಷೇಮಕರವಾಯಿತು. ಆದರೆ ಆ ಕ್ಷೇಮವೆಲ್ಲ ನಳಿಗೆಯ ಮೇಲಿನ ಚೀಟಿಯನ್ನು ಅವಲಂಬಿಸಿದೆ. ಪಕ್ಕದ ಹಾಸಿಗೆಯವನ ರಕ್ತಕ್ಕೆ ಈ ಹಾಸಿಗೆಯವನ ಹೆಸರು ಅಂಟಿಸಿದರೆ, ಪ್ರಯೋಗಾಲಯ ಗುಂಪನ್ನು ಸರಿಯಾಗಿಯೇ ಗುರುತಿಸುತ್ತದೆ, ಆದರೆ ಬೇರೊಬ್ಬನ ಗುಂಪನ್ನು. ಹೊಂದದ ರಕ್ತ ಹರಿದರೆ ಸಾವೂ ಸಂಭವಿಸಬಹುದು.

ಆದುದರಿಂದ ಶಾಲೆಯಲ್ಲಿ ಪ್ರಶ್ನೆ ಕೇಳುವ ರೀತಿಯನ್ನೂ ಕಲಿಸುತ್ತಾರೆ. “ನೀವು ಇಂಥವರೇ ಅಲ್ಲವೆ?” ಎಂದು ಕೇಳಬಾರದು, ನಿದ್ದೆಗಣ್ಣಿನವರೂ ಕಿವಿ ಮಂದವಾದವರೂ ಯಾವ ಹೆಸರಿಗಾದರೂ ಹೂಂಗುಟ್ಟುತ್ತಾರೆ. “ತಮ್ಮ ಹೆಸರೇನು? ಹುಟ್ಟಿದ ತಾರೀಖು ಯಾವುದು?” ಎಂದು ಕೇಳಿ, ಉತ್ತರವನ್ನು ಅವರ ಬಾಯಿಂದಲೇ ಹೊರಡಿಸಿ, ಆಸ್ಪತ್ರೆಯಲ್ಲಾದರೆ ಮಣಿಕಟ್ಟಿನ ಪಟ್ಟಿಯೊಡನೆಯೂ ಹೋಲಿಸಿ ನೋಡಬೇಕು. ರಕ್ತ ತುಂಬಿದ ಮೇಲೆ, ರೋಗಿಯ ಎದುರಿನಿಂದ ಕದಲುವುದಕ್ಕೆ ಮೊದಲೇ ಚೀಟಿ ಅಂಟಿಸಬೇಕು. ಬರಿಯ ನಳಿಗೆಗಳಿಗೆ ಮುಂಚಿತವಾಗಿ ಚೀಟಿ ಹಚ್ಚಿಟ್ಟುಕೊಳ್ಳುವುದನ್ನು, ಜೇಬಿನಲ್ಲಿ ಹಾಕಿಕೊಂಡು ಹೋಗಿ ಆಮೇಲೆ ಬರೆಯುವುದನ್ನು ಶಾಲೆಯವರು ಸ್ವಲ್ಪವೂ ಸಹಿಸುವುದಿಲ್ಲ.

ಅಭ್ಯಾಸ ಮತ್ತು ಅಪಾಯ

ಸೂಜಿಯನ್ನು ಮೊದಲ ದಿನವೇ ಮನುಷ್ಯರಿಗೆ ಚುಚ್ಚಗೊಡುವುದಿಲ್ಲ. ಕೃತಕ ಚರ್ಮ ಹೊದಿಸಿ, ಒಳಗೆ ಕೊಳವೆಗಳಲ್ಲಿ ಕೆಂಪುನೀರು ತುಂಬಿದ ತೋಳಿನ ಬೊಂಬೆಯ ಮೇಲೆ ಕೈ ಪಳಗಬೇಕು. ಇದು ಹೊಸ ಆಲೋಚನೆಯೇನೂ ಅಲ್ಲ. ಶಿಷ್ಯನು ಶಾಸ್ತ್ರವನ್ನೆಲ್ಲ ಓದಿದ್ದರೂ ಕೈಯಭ್ಯಾಸವಿಲ್ಲದೆ ಕೆಲಸಕ್ಕೆ ಯೋಗ್ಯನಲ್ಲವೆಂದು ಸುಶ್ರುತಸಂಹಿತೆ ಹೇಳುತ್ತದೆ. ಸಿರೆಯನ್ನು ಚುಚ್ಚುವುದನ್ನು ಸತ್ತ ಪ್ರಾಣಿಗಳ ಸಿರೆಗಳ ಮೇಲೂ ನೈದಿಲೆಯ ದಂಟಿನ ಮೇಲೂ ಕಲಿಯಬೇಕೆಂದು ವಿಧಿಸುತ್ತದೆ. ಒಳಗೆ ಪೊಳ್ಳಾಗಿರುವ ದಂಟಿಗೂ ಇಂದಿನ ಬೊಂಬೆಗೂ ಉದ್ದೇಶ ಒಂದೇ.

ಬೊಂಬೆಗೆ ಭಯವಿಲ್ಲ, ಮನುಷ್ಯರಿಗುಂಟು. ಸೂಜಿ ಕಂಡು ತಲೆಸುತ್ತಿ ಬೀಳುವವರಿದ್ದಾರೆ. ಆದ್ದರಿಂದ ಕೂರಿಸಿಯೋ ಮಲಗಿಸಿಯೋ ರಕ್ತ ತೆಗೆಯಬೇಕೇ ಹೊರತು ನಿಲ್ಲಿಸಿ ತೆಗೆಯಬಾರದು. ಎರಡು ಬಾರಿ ಚುಚ್ಚಿಯೂ ರಕ್ತ ಬಾರದಿದ್ದರೆ ಮೂರನೆಯ ಪ್ರಯತ್ನ ಬೇರೆಯವರಿಗೆ ಬಿಡಬೇಕೆಂಬುದು ಸಾಮಾನ್ಯವಾಗಿ ಎಲ್ಲೆಡೆಯೂ ಪಾಲಿಸುವ ಪದ್ಧತಿ. ಕೂಸುಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು. ದೊಡ್ಡವರಲ್ಲಿ ಸುಮಾರು ಐದು ಲೀಟರು ರಕ್ತವಿದ್ದರೆ, ಮೂರು ಕಿಲೋಗ್ರಾಂ ತೂಕದ ಎಳೆಗೂಸಿನಲ್ಲಿ ಇರುವುದೆಲ್ಲ ಸುಮಾರು ೨೫೦ ಮಿಲಿಲೀಟರು. ನಮಗೆ ಏನೂ ಅಲ್ಲದ ಐದು ಮಿಲಿಲೀಟರು, ಅದಕ್ಕೆ ತನ್ನ ರಕ್ತದ ಐವತ್ತರಲ್ಲೊಂದು ಭಾಗ. ಆದುದರಿಂದ ಅದರ ಹಿಮ್ಮಡಿಯ ಅಂಚಿನಲ್ಲಿ, ಎರಡು ಮಿಲಿಮೀಟರಿಗಿಂತ ಆಳಕ್ಕೆ ಹೋಗದಂತೆ ಚುಚ್ಚಿ, ಕೆಲವೇ ಹನಿಗಳನ್ನು ತೆಗೆಯುತ್ತಾರೆ. ಹಾಗೆ ಸೋಸುಕಾಗದದ ಮೇಲೆ ಹಿಡಿದ ಹನಿಗಳಿಂದ ಹುಟ್ಟುರೋಗವನ್ನು ಕಂಡುಹಿಡಿಯಬಹುದೆಂದು ರಾಬರ್ಟ್ ಗಥ್ರಿ ೧೯೬೦ರ ದಶಕದ ಮೊದಲಲ್ಲಿ ತೋರಿಸಿದನು. ಬುದ್ಧಿಮಾಂದ್ಯಕ್ಕೆ ಗುರಿಯಾಗಲಿದ್ದ ಅಸಂಖ್ಯ ಮಕ್ಕಳು ಅದರಿಂದ ಉಳಿದರು.

ಕೆಲಸಗಾರರಿಗೂ ಅಪಾಯವುಂಟು. ರೋಗಿಯ ರಕ್ತ ತಗುಲಿದ ಸೂಜಿ ಕೈಗೆ ಚುಚ್ಚಿಕೊಂಡರೆ ಕಾಮಾಲೆಯ ಬಿ ವೈರಸ್ಸು ಲಸಿಕೆ ಪಡೆಯದವರಿಗೆ ಸುಲಭವಾಗಿ ಅಂಟುತ್ತದೆ. ಏಡ್ಸಿನ ವೈರಸ್ಸು ಅಂಟುವ ಸಂಭವ ಸುಮಾರು ಮುನ್ನೂರರಲ್ಲಿ ಒಂದು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಹೋಗದೆ, ಗಟ್ಟಿಯಾದ ಪೆಟ್ಟಿಗೆಗೆ ನೇರವಾಗಿ ಹಾಕಬೇಕೆಂದು ಕಲಿಸುವುದು ಇದಕ್ಕಾಗಿ. ೨೦೦೦ದಲ್ಲಿ ಅಮೆರಿಕದ ಕಾಂಗ್ರೆಸ್ಸು ಮಾಡಿದ ಕಾಯಿದೆಯು, ಮೊನೆಯನ್ನು ತಾನೇ ಮುಚ್ಚಿಕೊಳ್ಳುವಂಥ ಸುರಕ್ಷಿತ ಸೂಜಿಗಳನ್ನು ಒದಗಿಸುವ ಹೊಣೆಯನ್ನು ಕೆಲಸಕೊಡುವವರ ಮೇಲೆ ಹೊರಿಸಿತು.

ನಮ್ಮಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಪ್ರಯೋಗಾಲಯದ ತಂತ್ರಜ್ಞರೂ ದಾದಿಯರೂ ಮಾಡುತ್ತಾರೆ; ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮ ಶಿಕ್ಷಣದಲ್ಲಿ ಇದೂ ಒಂದು ಪಾಠ. ಪದ್ಧತಿ ಬೇರೆಯಾದರೂ ನಿಯಮಗಳು ಬೇರೆಯಲ್ಲ, ರಕ್ತಕ್ಕೆ ದೇಶಭೇದವಿಲ್ಲವಷ್ಟೆ. ಮುಂದೆ ಎಂದಾದರೂ ಈ ಪತ್ರಿಕೆಯ ವಾಚಕರು ರಕ್ತ ಕೊಡಲು ಕುಳಿತಾಗ ಪಟ್ಟಿ ಎಷ್ಟು ಹೊತ್ತು ಕಟ್ಟಿತ್ತು, ನಳಿಗೆಗಳ ಬಣ್ಣ ಯಾವ ಸರದಿಯಲ್ಲಿ ಬಂದಿತು, ಚೀಟಿಯನ್ನು ಅಂಟಿಸಿದ್ದು ಯಾವಾಗ ಎಂದು ಗಮನಿಸಲಿ. ಹೆಸರನ್ನು ಎರಡು ಬಾರಿ ಕೇಳಿದರೆ ಬೇಸರಪಡದೆ ಎರಡು ಬಾರಿಯೂ ಪೂರ್ತಿಯಾಗಿ ಹೇಳಲಿ. ಈ ವೃತ್ತಿಯನ್ನೇ ಹಿಡಿಯಬೇಕೆಂಬ ತರುಣರಿಗೆ ಇನ್ನೊಂದು ಮಾತು: ಕೈ ನಡುಗದಿರುವುದು ಕೆಲವು ವಾರಗಳ ಅಭ್ಯಾಸದಿಂದ ಬರುತ್ತದೆ, ಯಾರೂ ನೋಡದಿದ್ದಾಗಲೂ ಚೀಟಿಯನ್ನು ಓದಿ ಹೋಲಿಸುವ ಶ್ರದ್ಧೆಯನ್ನು ಮಾತ್ರ ಪ್ರತಿದಿನವೂ ಹೊಸದಾಗಿ ರೂಢಿಸಿಕೊಳ್ಳಬೇಕು.